ಕಾಜಾ ಒಂದು ಬಾಕಿ

ಮಗಳು ಹೊಟ್ಟೆಪಾಡಿಗೆ ಏನು ಮಾಡುತ್ತಾಳೆಂಬುದು ದರ್ಜಿಗೆ ದೊಡ್ಡ ಒಗಟು.

"ವೆಬ್‌ಸೈಟ್ ಮಾಡ್ತೀಯಾ?"

"ಇಲ್ಲಪ್ಪ. ಮಾಡೋರಿಗೆ ಬಿಡಿಭಾಗ ಮಾಡ್ಕೊಡ್ತೀನಿ. ಹೇಗೆ ಜೋಡಿಸ್ಬೇಕು ಅಂತ ಬರೆದೂ ಇಡ್ತೀನಿ."

"ಯಾರು ಹಾಕ್ಕೊಳ್ತಾರೆ ಅದನ್ನ?"

ಅದು ಅವಳಿಗೂ ಗೊತ್ತಿರಲಿಲ್ಲ. ಅವಳ ತಂಡದ ಫ್ರೇಮ್‌ವರ್ಕನ್ನು, ಅಂದರೆ ಆ ಬಿಡಿಭಾಗಗಳ ಕಟ್ಟನ್ನು, ಯಾರು ಬೇಕಾದರೂ ಪುಕ್ಕಟೆ ಒಯ್ಯಬಹುದು. ಒಯ್ದವರು ಹೇಳಿ ಹೋಗುವುದಿಲ್ಲ.

ಅದರಲ್ಲಿ ಅವಳು ಜೀವ ತೇದು ಮಾಡಿದ್ದ ಬಿಡಿಭಾಗ, ಅವರ ಮಾತಿನಲ್ಲಿ ಕಾಂಪೊನೆಂಟ್, ಒಂದಿತ್ತು. ಮಾಹಿತಿ ಬರುವುದು ತಡವಾದರೆ ಪರದೆ ಬೋಳಾಗಿ ಕಾಣದಂತೆ ಒಂದು ಸಮಾಧಾನದ ಮಾತು ತೋರಿಸುವುದು ಅದರ ಕೆಲಸ. ವಿವರಣೆಯನ್ನಂತೂ ಮಗುವಿಗೆ ತುತ್ತಿಡುವ ಹಾಗೆ ಬರೆದಿದ್ದಳು. ಮಾದರಿಗೊಂದು ವಾಕ್ಯ ಬೇಕಿತ್ತಲ್ಲ, ಅಪ್ಪ ಜೀವಮಾನವಿಡೀ ಗಿರಾಕಿಗಳಿಗೆ ಹೇಳಿದ ಸುಳ್ಳನ್ನೇ ಹಾಕಿದಳು: "ಆಗೇ ಹೋಯ್ತು, ಕಾಜಾ ಒಂದು ಬಾಕಿ." ಗುಂಡಿ ತೂರಿಸುವ ತೂತಿಗೆ ಹಾಕುವ ಕಾಜಾ ಹಾಗಿರಲಿ, ಬಟ್ಟೆ ಇನ್ನೂ ಕತ್ತರಿಯ ಮುಖವನ್ನೇ ಕಂಡಿರುತ್ತಿರಲಿಲ್ಲ! ಇಲ್ಲಿ ನಿಮ್ಮ ಮಾತು ಬರೆದುಕೊಳ್ಳಿ ಎಂದು ಕೆಳಗೆ ದಪ್ಪಕ್ಷರದಲ್ಲಿ ಸೂಚಿಸಿಯೂ ಇದ್ದಳು.

ಈಗ ತಂಡದ ಹಿರಿಯನಿಂದ ಸಂದೇಶ ಬಂದಿತ್ತು: "ಇದನ್ನ ಯಾರೂ ಬಳಸ್ತಿಲ್ಲ ಅನ್ಸುತ್ತೆ. ಒಬ್ರನ್ನಾದ್ರೂ ತೋರಿಸಿ, ಇಲ್ಲಾಂದ್ರೆ ತೆಗೆದುಬಿಡೋಣ."

ಅವಳಿಗೆ ಅಳುವೇ ಬಂತು. ಯಾರನ್ನು ಹುಡುಕುವುದು, ಎಲ್ಲಿ ಹುಡುಕುವುದು?

ಅದೇ ಚಿಂತೆಯಲ್ಲಿ ಅಪ್ಪನನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಪೊರೆ ಬಂದು ದಾರ ಪೋಣಿಸಲಾಗದೆ ಅವನು ಅಂಗಡಿ ಮುಚ್ಚಿದ್ದ. ಗೋಡೆಯ ಪರದೆಯಲ್ಲಿ ಸರದಿಯ ಸಂಖ್ಯೆ ಬರಬೇಕಿತ್ತು, ಬರಲಿಲ್ಲ. ಬದಲಿಗೆ ಬಂದದ್ದನ್ನು ಪಕ್ಕದ ಅಜ್ಜಿ ಗಟ್ಟಿಯಾಗಿ ಓದಿದಳು: "ಆಗೇ ಹೋಯ್ತು, ಕಾಜಾ ಒಂದು ಬಾಕಿ."

ಅಪ್ಪ ಬೆಚ್ಚಿಬಿದ್ದ. "ಯಾರದು? ಯಾರ ಅಂಗಿ?"

ಮಗಳು ಕೌಂಟರಿಗೆ ಓಡಿದಳು. "ಈ ಮಾತು ಯಾರು ಹಾಕಿದ್ದು?"

"ಯಾರಿಗ್ಗೊತ್ತು ಮೇಡಂ, ಮೊದಲಿಂದ ಹೀಗೇ ಇದೆ. ತೆಗೆಸೋಣ ಅಂತಿದ್ವಿ. ಕಾಯೋರು ಓದಿ ನಗ್ತಾರೆ, ಬಿಟ್ವಿ."

ಅಂದರೆ ಯಾರೋ ಪುಣ್ಯಾತ್ಮ ವಿವರಣೆಯ ಕಡೆ ಕಣ್ಣೂ ಹಾಯಿಸದೆ ಮಾದರಿಯನ್ನು ಇದ್ದ ಹಾಗೇ ಎತ್ತಿ ಅಂಟಿಸಿದ್ದ. ಆ ಸೋಮಾರಿಗೆ ಅವಳು ಮನಸ್ಸಿನಲ್ಲೇ ಕೈಮುಗಿದು, ಫೋಟೊ ತೆಗೆದು ಹಿರಿಯನಿಗೆ ಕಳಿಸಿದಳು. ಉತ್ತರ ಕೂಡಲೇ ಬಂತು: "ಸರಿ, ಉಳಿಸ್ಕೊಳ್ಳೋಣ. ಅಂದ ಹಾಗೆ, ಕಾಜಾ ಅಂದ್ರೇನು?"

ಅವಳು ಬಂದು ಅಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅಪ್ಪ ಮಂಜುಗಣ್ಣಿನಲ್ಲೇ ಪರದೆಯ ಕಡೆ ನೋಡಿದ.

"ಅಂಗಡಿ ಮುಚ್ಚಿದ್ರೂ ನನ್ನ ಮಾತು ಇನ್ನೂ ಜನರನ್ನ ಕಾಯಿಸ್ತಾ ಇದೆಯಲ್ಲೇ!"

ಅಷ್ಟರಲ್ಲಿ ಅವನ ಸಂಖ್ಯೆ ಬಂತು. ಅವನು ಏಳಲಿಲ್ಲ.

"ತಡಿ," ಎಂದ, "ಅದು ಇನ್ನೊಂದ್ಸಲ ಬರ್ಲಿ. ಅಜ್ಜಿ ಓದ್ತಾರೆ."