ಬೈಗುಳಕ್ಕೆ ಕಾದ ದಲ್ಲಾಳಿ

ನನ್ನ ಸೋದರಮಾವನ ಕಿವಿಗಳು ಎಳೆಯ ಹಿಪ್ಪುನೇರಳೆ ಎಲೆಯಷ್ಟು ನಯವಾಗಿದ್ದವು. ಗರಡಿಯ ಮಣ್ಣಿನಲ್ಲಿ ಹೊರಳಿದವರ ಕಿವಿ ಜಜ್ಜಿ, ಮುದುಡಿ, ಗಂಟಾಗಿರುತ್ತದೆ. ಪೈಲ್ವಾನ್ ಎಂದು ಕರೆಸಿಕೊಳ್ಳುತ್ತಿದ್ದ ಮಾವ ಒಂದು ದಿನವೂ ಗರಡಿಗೆ ಇಳಿದವನಲ್ಲ. ಟಿವಿಯ ಕುಸ್ತಿ ನೋಡಿ, ಅದರಂತೆ ಸೋಲು ಗೆಲುವನ್ನು ಮೊದಲೇ ಮಾತಾಡಿಕೊಂಡು ಆಡುವ ಆಟವನ್ನು ಕನಕಪುರದ ಸುತ್ತಿನ ಹಳ್ಳಿಗಳಲ್ಲಿ ಏರ್ಪಡಿಸುತ್ತಿದ್ದ. ಫ್ಲೆಕ್ಸಿನಲ್ಲಿ ಅವನ ಮುಖ ಬಾಗಿಲಷ್ಟಿದ್ದರೆ ಎದುರಾಳಿಯದು ಅಂಚೆಚೀಟಿಯಷ್ಟಿರುತ್ತಿತ್ತು.

ಮುಖವಾಡ ಹಾಕಿ ರಾಕ್ಷಸನಾದ, ಕೂದಲಿಗೆ ಬಣ್ಣ ಬಳಿದು ಫಾರಿನ್ನಿನವನಾದ. ಜನ ಕಡಲೆಕಾಯಿ ತಿನ್ನುತ್ತಾ ನೋಡಿ ಎದ್ದು ಹೋದರು. ಕೊನೆಗೆ ಹೆಗಲಿಗೆ ತಕ್ಕಡಿ ತೂಗುಹಾಕಿಕೊಂಡು, ಮನೆಬಾಗಿಲಲ್ಲೇ ರೇಷ್ಮೆಗೂಡು ಕೊಳ್ಳುವ ಮೋಸಗಾರ ದಲ್ಲಾಳಿಯ ವೇಷ ಹಾಕಿದ. ಎದುರಾಳಿ ರೈತನ ಪಾತ್ರದವನು. ಅವನ ನಿಜವಾದ ಕಸುಬು ರಾಮನಗರದಲ್ಲಿ ರೇಷ್ಮೆ ಬಿಚ್ಚುವುದು. ಕುದಿನೀರಿನಲ್ಲಿ ಬೆರಳಾಡಿಸಿ ಗೂಡಿನ ಎಳೆಯ ತುದಿ ಹುಡುಕುವ ಕೆಲಸ.

ಇಬ್ಬರ ನಡುವಿನ ಒಪ್ಪಂದ ಸರಳವಾಗಿತ್ತು. ದಲ್ಲಾಳಿ ರೈತನ ಕೈ ತಿರುಚಬೇಕು. ಜನ ಬೈಯತೊಡಗಿದ ಕೂಡಲೇ ಬಿಡಬೇಕು, ರೈತ ಎದ್ದು ಅವನನ್ನು ಎತ್ತಿ ಒಗೆಯಬೇಕು. ಬೈಗುಳವೇ ಸನ್ನೆ.

ಆ ತಿಂಗಳು ಗೂಡಿನ ರೇಟು ನೆಲ ಕಚ್ಚಿತ್ತು. ಮಾವ ಕೈ ಹಿಡಿಯುವ ಮೊದಲೇ ಚಪ್ಪಲಿ ಬಿದ್ದವು. ಒಬ್ಬ ಮುದುಕಿ ಆಟದ ಅಟ್ಟಣೆ ಹತ್ತಿ ಬಂದು ಅವನ ಕೊರಳಪಟ್ಟಿ ಹಿಡಿದು, "ನಮ್ಮನೆ ಗೂಡ ಮಣ್ಣಿನ ರೇಟಿಗೆ ಕೇಳ್ದೋನು ನೀನೇ ಕಣ್ಲಾ" ಎಂದು ಅತ್ತಳು. ಆ ಅಳುವನ್ನು ಮಾವ ವರ್ಷವಿಡೀ ಟೀ ಅಂಗಡಿಗಳಲ್ಲಿ ತನ್ನ ನಟನೆಗೆ ಸಿಕ್ಕ ಪದಕದಂತೆ ತೋರಿಸಿದ. ಅವಳ ಮನೆಯ ಗೂಡು ಏನಾಯಿತೆಂದು ಒಮ್ಮೆಯೂ ಕೇಳಲಿಲ್ಲ.

ಮರುವರ್ಷ ರೇಟು ಏರಿ, ಊರಲ್ಲಿ ಹೊಸ ಬೈಕುಗಳು ಓಡಾಡುತ್ತಿದ್ದಾಗ ಅದೇ ವೇಷದಲ್ಲಿ ಮತ್ತೆ ಆಟ ಇಟ್ಟ. ಈಗ ಯಾರಿಗೂ ಸಿಟ್ಟಿಲ್ಲ, ಬೇಡ ಎಂದು ನಾನು ಹೇಳಿದೆನೆಂದು ನನ್ನ ದಿನಚರಿಯಲ್ಲಿದೆ. ಆದರೆ ಆ ಪುಟ ಬರೆದದ್ದು ಆಟ ಮುಗಿದ ಮೇಲೆ. ಅವನ ಉತ್ತರ ಮಾತ್ರ ಕಿವಿಯಲ್ಲಿ ಉಳಿದಿರುವುದರಿಂದ ನಾನು ಏನನ್ನೋ ಹೇಳಿರಲೇಬೇಕು.

"ಲೇ, ಓದ್ಕಂಡೋನೇ, ಜನ ಉಗಿದದ್ದು ರೇಟಿಗಲ್ಲ ಕಣ್ಲಾ, ನನ್ ಮೊಕಕ್ಕೆ."

ಆಟದ ದಿನ ಮಾವ ತಕ್ಕಡಿ ಎತ್ತಿದ ತಕ್ಷಣ ಯಾರೋ "ಏನ್ ದಲ್ಲಾಳಪ್ಪಾ, ಈ ಸಲ ನಮ್ಗೇ ಸಾಲ ಕೇಳಕ್ ಬಂದ್ಯಾ?" ಎಂದರು. ಇಡೀ ಮೈದಾನ ನಕ್ಕಿತು. ಮಾವ ಕೈ ತಿರುಚಿದ. ನಗು. ಇನ್ನಷ್ಟು ತಿರುಚಿದ. ರೈತ ಬಿಡು ಎಂದು ಪಿಸುಗುಟ್ಟಿದ, ಆಮೇಲೆ ಕಿರುಚಿದ. ಎಷ್ಟು ಚೆನ್ನಾಗಿ ಆಡ್ತಾನೆ ಎಂದು ಜನ ಚಪ್ಪಾಳೆ ತಟ್ಟಿದರು. ಮಾವನ ಕಣ್ಣು ಅವನ ಮೇಲಿರಲಿಲ್ಲ, ಜನರ ಮೇಲಿತ್ತು. ಬೈಗುಳ ಬರುವವರೆಗೂ ಬಿಡುವುದಿಲ್ಲವೆಂದು ಕಾಯುತ್ತಿದ್ದ. ರೈತನ ಎರಡು ಬೆರಳು ಮುರಿದವು.

ಮಾವ ಅವನನ್ನು ನೋಡಲು ಆಸ್ಪತ್ರೆಗೆ ಹೋಗಲಿಲ್ಲ. ಜನಕ್ಕೆ ರುಚಿ ಕೆಟ್ಟಿದೆ ಎಂದು ಬೈದುಕೊಂಡು ಬದುಕಿದ. ಕಳೆದ ವರ್ಷ ಎದೆನೋವಿನಿಂದ ತೀರಿಕೊಂಡ.

ತಿಥಿಗೆ ಕರೆಯಲು ನಾನು ರಾಮನಗರಕ್ಕೆ ಹೋದೆ. ರೈತನಾಗಿದ್ದವನು ಈಗ ಗೂಡು ಬೇಯಿಸುವ ಒಲೆಗೆ ಸೌದೆ ಹಾಕುತ್ತಿದ್ದ. ಮಡಚಲಾಗದ ಬೆರಳುಗಳಿಗೆ ಎಳೆ ಸಿಗುವುದಿಲ್ಲವಂತೆ.

"ನಿಮ್ಮಾವ ಕೆಟ್ಟೋನಲ್ಲ, ದಡ್ಡ," ಎಂದ. "ಅವತ್ತು ಒಬ್ರಾದ್ರೂ ಒಸಿ ಬೈದಿದ್ರೆ ಬುಟ್ಬುಡ್ತಿದ್ದ. ನೀನೂ ಅಲ್ಲೇ ಇದ್ದಲ್ಲ?"

ಇದ್ದೆ ಎಂದೆ. ಬೈಗುಳವೇ ಸನ್ನೆಯೆಂಬುದು ಆ ಮೈದಾನದಲ್ಲಿ ಅವರಿಬ್ಬರನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿತ್ತು. ನಾನೇಕೆ ಬಾಯಿ ಬಿಡಲಿಲ್ಲವೆಂದು ಅವನು ಕೇಳಲಿಲ್ಲ. ಅವತ್ತು ಎಲ್ಲರ ಜೊತೆ ನಾನೂ ನಗುತ್ತಿದ್ದೆನೆಂದು ಕಾಣುತ್ತದೆ.