ಕಮಲಾಬಾಯಿ ಮಗಳನ್ನು ಕೇಳಿದ್ದು

ನಿನ್ನೆ ಮೆಟ್ರೋದಲ್ಲಿ ಖಾಕಿ ಸಮವಸ್ತ್ರದ ಕಾಲೇಜು ಹುಡುಗಿಯರಿಬ್ಬರು ನನ್ನ ಪಕ್ಕ ಬಂದು ನಿಂತರು. ಬೂಟ್ ಪಾಲಿಶಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ಮಿಯಾಪುರದತ್ತ ಹೊರಟಿದ್ದ ರೈಲು ಬಿಟ್ಟು ಇದೇ ಊರಿನ ಮೆಹದಿಪಟ್ಟಣಂನ ಹಳೆಯ ಬಾಡಿಗೆ ಕೋಣೆಗೆ ಹೋಯಿತು.

ಸಾಫ್ಟ್‌ವೇರ್ ಕಂಪನಿಗಳು ಕರೆಕರೆದು ಕೆಲಸ ಕೊಡುತ್ತಿದ್ದ ಕಾಲ ಅದು. ಬೀದರಿನ ರೇಣುಕಾಗೂ ನನಗೂ ಒಂದೇ ಆಫೀಸು, ಒಂದೇ ಕೋಣೆ. ಅವಳು ನಸುಕಿಗೇ ಎದ್ದು ಓಟದ ಅಭ್ಯಾಸಕ್ಕೆ ಹೋಗುತ್ತಿದ್ದಳು. ನಾನು ಬಸ್ಸಿನ ಹಿಂದೆ ಬಿಟ್ಟರೆ ಇನ್ನೆಲ್ಲೂ ಓಡಿದವಳಲ್ಲ. ಅವಳು ಸೇನೆಯ ಅಧಿಕಾರಿ ಹುದ್ದೆಗೆ ಆಯ್ಕೆಯಾದ ಸುದ್ದಿ ಊರು ಮುಟ್ಟಿತೋ ಇಲ್ಲವೋ, ತಾಯಿ ಕಮಲಾಬಾಯಿ ಅವಳನ್ನು ಕರೆದೊಯ್ಯಲು ಬಂದಿಳಿದರು. ಭಾಲ್ಕಿಯ ವರನೊಬ್ಬ ನೋಡಲು ಬರುವವನಿದ್ದ.

ಆ ಭಾನುವಾರ ನಮ್ಮ ಆಫೀಸಿಗೆ ಇಸ್ರೇಲಿನಿಂದ ಬಂದಿದ್ದ ತಮಾರ್‌ಳನ್ನು ಊಟಕ್ಕೆ ಕರೆದಿದ್ದೆವು. ರೊಟ್ಟಿ ಮುರಿಯುತ್ತಾ ಅವಳು, ತಾನೂ ಸೈನ್ಯದಲ್ಲಿದ್ದವಳೇ ಎಂದಳು.

“ಈಕಿಯವ್ವ ಹೆಂಗ ಕಳಿಸಿದ್ಳು ಕೇಳು,” ಎಂದರು ಕಮಲಾಬಾಯಿ ನನಗೆ. ನಾನು ದುಭಾಷಿಯಾದೆ.

ಹದಿನೆಂಟಾದರೆ ಅಲ್ಲಿ ಹುಡುಗಿಯರೂ ಹೋಗಲೇಬೇಕಂತೆ. ತಮಾರ್‌ಗೆ ಪಿಟೀಲು ಕಲಿಯುವ ಆಸೆಯಿತ್ತು. “ಸೈನ್ಯದ ಬಸ್ ಹತ್ತುವಾಗ ಅಮ್ಮನೂ ಅತ್ತಳು, ನಾನೂ ಅತ್ತೆ. ನಿನಗೇನು ಬೇಕು ಅಂತ ಯಾರೂ ಕೇಳಲಿಲ್ಲ.”

“ಎಲ್ಲಾ ದೇಶದಾಗೂ ಹಿಂಗೇನು?”

ಕೆಲವೇ ದೇಶಗಳಲ್ಲಿ ಎಂದೆ. ಎಷ್ಟೋ ಕಡೆ ಗಂಡಸರಿಗಷ್ಟೇ ಕಡ್ಡಾಯ, ನಮ್ಮಲ್ಲಿ ಯಾರಿಗೂ ಇಲ್ಲ.

ಕಮಲಾಬಾಯಿ ತಮಾರ್‌ಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಆಮೇಲೆ ಮಗಳತ್ತ ತಿರುಗಿದರು. “ಈಕಿನ್ನ ಸರ್ಕಾರ ಕೇಳಲಿಲ್ಲ. ನಿನ್ನ ನಾನು ಕೇಳಲಿಲ್ಲ. ಹೇಳವಾ, ನಿನಗೇನು ಬೇಕು?”

“ಹೋಗ್ತೀನವ್ವಾ. ಅಂಜಿಕಿ ಐತಿ, ಆದ್ರೂ ಹೋಗ್ತೀನಿ.”

“ಅಂಜಿಕಿ ನನಗೂ ಭಾಳ ಐತಿ,” ಎಂದರು ತಾಯಿ. ಮರುದಿನ ಒಬ್ಬರೇ ಬೀದರಿನ ಬಸ್ಸು ಹತ್ತಿದರು. ವರನ ಕಡೆಯವರಿಗೆ ಏನು ಹೇಳಿದರೋ, ನಮಗೆ ತಿಳಿಸಲಿಲ್ಲ.

ಚೆನ್ನೈಯಲ್ಲಿ ರೇಣುಕಾಳ ತರಬೇತಿ ಮುಗಿದಾಗ ಇಲಕಲ್ ಸೀರೆಯುಟ್ಟು ಅಲ್ಲಿಗೆ ಹೊರಟ ಕಮಲಾಬಾಯಿಗೆ ನಾನೇ ಜೊತೆ. ಮಗಳ ಹೆಗಲಿಗೆ ಅಧಿಕಾರಿಯ ನಕ್ಷತ್ರ ತೊಡಿಸಲು ಹೋದರೆ ಅವರಿಗೆ ಎಟುಕಲಿಲ್ಲ. ರೇಣುಕಾ ಮೊಣಕಾಲು ಬಾಗಿಸಿ ಅವ್ವನ ಎತ್ತರಕ್ಕೆ ಇಳಿದು ನಿಂತಳು.

ನಿನ್ನೆ ಮೆಟ್ರೋ ಇಳಿದವಳೇ ಬೀದರಿಗೆ ಫೋನು ಮಾಡಿ, ಅಂದು ಮಗಳನ್ನು ಹಾಗೆ ಕೇಳಿದ್ದಕ್ಕೆ ಇಷ್ಟು ವರ್ಷ ಹೇಳದೇ ಉಳಿದ ಕೃತಜ್ಞತೆಯನ್ನು ಕಮಲಾಬಾಯಿಗೆ ಹೇಳಿದೆ. “ಯಾಕವಾ, ನಾ ನಿನಗೇನು ಮಾಡೀನಿ?” ಎಂದು ನಕ್ಕರು.

ನನ್ನ ಮಗಳು ಈಗ ಹನ್ನೆರಡನೆಯ ತರಗತಿ. ಅವಳ ಮುಂದಿನ ಓದನ್ನು ಈವರೆಗೆ ನಾವು ದೊಡ್ಡವರೇ ಮಾತಾಡಿಕೊಳ್ಳುತ್ತಿದ್ದೆವು. ಮನೆಗೆ ಹೋಗಿ ಅವಳ ಪಕ್ಕ ಕೂತು, ಏನು ಓದಬೇಕು ಅಂತಿದ್ದೀಯ ಎಂದೆ.

ಅವಳು ಪುಸ್ತಕ ಮುಚ್ಚಿ ನನ್ನ ಮುಖ ನೋಡಿದಳು. “ನಿಜವಾಗ್ಲೂ ಕೇಳ್ತಿದ್ದೀಯಾ, ಅಮ್ಮಾ?”

ಹೂಂ ಎಂದೆ.