ಷಡ್ಡಕರ ಚಕ್ಲಿಯೂ ನನ್ನ ಬನಿಯನ್ನೂ

ನನ್ನ ಬೆನ್ನನ್ನು ನಾನು ಮೊದಲ ಬಾರಿಗೆ ಪೂರ್ತಿಯಾಗಿ ನೋಡಿದ್ದು ಹೆಂಡತಿಯ ಮೊಬೈಲಿನಲ್ಲಿ. ಒಂದು ಕಾಲದಲ್ಲಿ ಬಿಳಿಯಾಗಿದ್ದ ಬನಿಯನ್ನು, ಅದರ ಭುಜದ ಹತ್ತಿರ ಒಂದು ತೂತು, ಆ ತೂತಿನೊಳಗೆ ಬೆರಳು ತೂರಿಸಿ ನೆಮ್ಮದಿಯಾಗಿ ಕೆರೆದುಕೊಳ್ಳುತ್ತಿರುವ ನಾನು. ಎದುರಿಗೆ ಬಾಣಲೆ, ಅದರಾಚೆ ನಮ್ಮ ಅಂಗಡಿಯ ಹೆಸರಿದ್ದ ಗಾಜಿನ ಭರಣಿಗಳ ಸಾಲು. ಹಿನ್ನೆಲೆಯಲ್ಲಿ ಒಂದು ಧ್ವನಿ, ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದಂಥದು, ಕೇಳುತ್ತಿತ್ತು: "ಇಂಥ ಅಂಗಡೀಲಿ ಇನ್ನೂ ಎಷ್ಟು ದಿನ ತಗೋತೀರಾ, ಫ್ರೆಂಡ್ಸ್?"

ಧ್ವನಿ ನನ್ನ ಷಡ್ಡಕರದು. ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ.

ನಮ್ಮದು ಚಾಮರಾಜಪೇಟೆಯಲ್ಲಿ ಒಂದು ಕಾಂಡಿಮೆಂಟ್ಸ್ ಅಂಗಡಿ. ಮುಂದೆ ಭರಣಿ, ಹಿಂದೆ ಬಾಣಲೆ, ನಡುವೆ ನಾನು. ಷಡ್ಡಕರು ಯಾವುದೋ ಕಂಪನಿಯ ಕೆಲಸದಿಂದ ಅವಧಿಗೆ ಮುಂಚೆ ನಿವೃತ್ತರಾಗಿ, "ಮನೇಲಿ ಬೇಜಾರು ಭಾವ, ಸುಮ್ನೆ ಬಂದು ಕೂತಿರ್ತೀನಿ" ಎಂದು ಬಂದರು. ಒಂದು ಬೇಸಿಗೆ ಪೂರ್ತಿ ಕೂತರು. ಚಕ್ಲಿ ಹಿಟ್ಟಿಗೆ ಬೆಣ್ಣೆ ಎಷ್ಟು, ಕೋಡುಬಳೆಗೆ ಉರಿ ಎಷ್ಟು ಎಂಬುದನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡರು. ನಾನದನ್ನು ಶ್ರದ್ಧೆ ಎಂದು ಭಾವಿಸಿದೆ. ಮಳೆ ಶುರುವಾಗುವ ಹೊತ್ತಿಗೆ ಎರಡು ಕ್ರಾಸ್ ಆಚೆ ಬಣ್ಣಬಣ್ಣದ ದೀಪದ ಬೋರ್ಡಿನ ಕೆಳಗೆ ಆ ಶ್ರದ್ಧೆ ಉದ್ಘಾಟನೆಯಾಯಿತು. ಟೇಪು ಕತ್ತರಿಸಲು ನನ್ನನ್ನೇ ಕರೆದಿದ್ದರು. ಕತ್ತರಿಸಿದೆ. ಆ ಕತ್ತರಿಯನ್ನು ಅಲ್ಲೇ ವಾಪಸ್ ಕೊಟ್ಟು ಬಂದದ್ದು ನನ್ನ ಸಂಸ್ಕಾರ.

ಅದನ್ನೂ ಸಹಿಸಬಹುದಿತ್ತು. ಬನಿಯನ್ನಿನ ರೀಲ್ಸು ಬಂದಮೇಲೆ ಸಹನೆಗೆ ಅರ್ಥ ಉಳಿಯಲಿಲ್ಲ. ಗುರುತು ಪರಿಚಯವಿಲ್ಲದ ಹುಡುಗಿಯರು ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ, "ಅಂಕಲ್, ಸ್ವಲ್ಪ ಆ ಕಡೆ ತಿರುಗ್ತೀರಾ? ಅದು ನೀವೇನಾ ಅಂತ ನೋಡ್ಬೇಕಿತ್ತು" ಎನ್ನುತ್ತಿದ್ದರು. ಏನೂ ಕೊಳ್ಳದೆ ಹೋಗುತ್ತಿದ್ದರು.

ಇದಕ್ಕಿಂತ ದೊಡ್ಡ ಪೆಟ್ಟು ಅತ್ತೆಯವರ ಕಡೆಯಿಂದ ಬಂತು. ನಮ್ಮ ವರ್ಷದ ಜೀವ ಇರುವುದು ಕೃಷ್ಣಾಷ್ಟಮಿಯಲ್ಲಿ. ಬಸವನಗುಡಿ, ಶಂಕರಪುರಂ ಕಡೆಯ ಹಳೆಯ ಮನೆಗಳಲ್ಲಿ ಈಗ ಬಾಣಲೆ ಮುಂದೆ ಕೂರುವ ಶಕ್ತಿ ಯಾರಿಗೂ ಇಲ್ಲ. ಆದರೆ ಕೃಷ್ಣನಿಗೆ ಚಕ್ಲಿ, ಕೋಡುಬಳೆ, ಮುಚ್ಚೋರೆ, ರವೆ ಉಂಡೆ ಆಗಲೇಬೇಕು. ಮಂಟಪಕ್ಕೆ ದಾರದಲ್ಲಿ ಕಟ್ಟಿ ತೂಗುಹಾಕಲೇಬೇಕು. ಅದು ನಮ್ಮಿಂದ ಹೋಗುತ್ತಿತ್ತು. ಆ ವಾರ ನಮ್ಮಲ್ಲಿ ಬಾಣಲೆ ಬೇರೆ, ಎಣ್ಣೆ ಹೊಸದು, ಅಡುಗೆಯವರು ಸ್ನಾನ ಮಾಡಿ ಬರಬೇಕು, ಮುಖ್ಯವಾಗಿ ಯಾರೂ ಒಂದು ಚೂರನ್ನೂ ಬಾಯಿಗೆ ಹಾಕುವಂತಿಲ್ಲ. ದೇವರಿಗಿಂತ ಮೊದಲು ರುಚಿ ನೋಡಿದರೆ ಅದು ಎಂಜಲು. ಉಪ್ಪು ಹೆಚ್ಚೋ ಕಡಿಮೆಯೋ ಮೊದಲು ತಿಳಿಯುವವನು ಕೃಷ್ಣ. ಇಷ್ಟು ವರ್ಷದಲ್ಲಿ ಅವನು ದೂರು ಹೇಳಿಲ್ಲ.

ಮೊದಲ ಆರ್ಡರು ಯಾವಾಗಲೂ ಅತ್ತೆಯವರ ಮನೆಯದು. ಅವರು ಎಲ್ಲಿ ಕೊಡುತ್ತಾರೋ ಅವರ ಭಜನೆ ಮಂಡಳಿ ಅಲ್ಲಿ ಕೊಡುತ್ತದೆ. ಆ ವರ್ಷ ಅವರು ಫೋನ್ ಮಾಡಿ, "ಬೇಜಾರ್ ಮಾಡ್ಕೋಬೇಡಿ. ಈ ಸಲ ಚಿಕ್ಕಳಿಯಂದ್ರಿಗೆ ಹೇಳಿದೀನಿ. ಹೊಸ ಅಂಗಡಿ, ಪಾಪ. ನನಗೊಂದು ದೊಡ್ಡ ಫೋನೂ ಕೊಡಿಸಿದಾರೆ" ಎಂದರು.

ಅತ್ತೆಯವರ ಮೊದಲ ಆರ್ಡರನ್ನು ಅಷ್ಟಮಿಗೆ ಮುಂಚೆ ಹಿಂದಕ್ಕೆ ತರಬೇಕು. ಷಡ್ಡಕರು ಅದನ್ನು ಕಣ್ಣಾರೆ ನೋಡಬೇಕು. ಬೇರೆ ಯಾವ ಲೌಕಿಕ ಆಸೆಯೂ ನನಗೆ ಆಮೇಲೆ ಉಳಿಯಲಿಲ್ಲ.

ಹೆಂಡತಿ ಹಳೆಯ ಗಿರಾಕಿಗಳನ್ನೆಲ್ಲ ಸೇರಿಸಿ ಒಂದು ಗ್ರೂಪ್ ಮಾಡಿದಳು. "ನೀವೇ ಏನಾದ್ರೂ ಬರೀರಿ" ಎಂದಳು. ಬರೆದೆ: "ಪೂಜ್ಯ ಗ್ರಾಹಕ ಮಹನೀಯರಲ್ಲಿ ವಿಜ್ಞಾಪನೆ. ತಮ್ಮೆಲ್ಲರ ಕೃಪಾಕಟಾಕ್ಷದಿಂದ ಇಂದಿನವರೆಗೂ ನಡೆದುಬಂದ ಈ ನಮ್ಮ ಅಂಗಡಿಯು..." ಹೀಗೇ ಸಾಕಷ್ಟು ದೂರ ಹೋಗಿತ್ತು. ಉತ್ತರವಾಗಿ ಮುಗಿದ ಕೈಗಳ ಚಿತ್ರಗಳು ಬಂದವು. ಒಬ್ಬರು 'ಓಂ ಶಾಂತಿ' ಎಂದು ಹಾಕಿದರು. ಧಾಟಿ ನೋಡಿ ನಾನು ಹೋಗಿಬಿಟ್ಟೆ ಅಂದುಕೊಂಡಿರಬೇಕು.

"ರೀ, ಇದು ಗಿರಾಕಿಗಳಿಗೆ ಬರೆದಿದ್ದೋ, ಜಿಲ್ಲಾಧಿಕಾರಿಗಳಿಗೋ?" ಎಂದಳು ಹೆಂಡತಿ. "ಅಂಗಡಿಗೆ ಬಂದೋರ ಹತ್ರ ಹೇಗೆ ಮಾತಾಡ್ತೀರೋ ಹಾಗೆ ಬರೀರಿ."

"ಅಂಗಡಿಗೆ ಬಂದೋರ ಹತ್ರ ನಾನೆಲ್ಲಿ ಮಾತಾಡ್ತೀನಿ? ಏನು ಬೇಕು ಅಂತ ಕೇಳ್ತೀನಿ, ಅವರು ಮಾತಾಡ್ತಾರೆ."

"ಹಾಗಾದ್ರೆ ಅದನ್ನೇ ಮಾಡಿ."

ಮಾರನೆಯ ದಿನ ಒಂದೇ ಸಾಲು ಹಾಕಿದೆ: "ಕೋಡುಬಳೆಗೆ ಓಂಕಾಳು ಹಾಕಬೇಕೋ ಬೇಡವೋ?" ಹಾಕಿ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಶಂಕರಪುರಂಗೂ ಬಸವನಗುಡಿಗೂ ಸಮರ ಹತ್ತಿಕೊಂಡಿತ್ತು. ಓಂಕಾಳು ಹಾಕುವವರ ವಂಶದ ಬಗ್ಗೆಯೇ ಕೆಲವರಿಗೆ ಸಂದೇಹವಿತ್ತು. ವರ್ಷಗಟ್ಟಲೆ ತುಟಿ ಪಿಟಕ್ಕೆನ್ನದೆ ಪೊಟ್ಟಣ ಒಯ್ಯುತ್ತಿದ್ದವರು ತಮ್ಮ ಅಜ್ಜಿಯ ಬಾಣಲೆಯ ಫೋಟೊ ಹಾಕಿದರು. ನಾನು ನಡುನಡುವೆ 'ಹೌದೇ?', 'ಆಮೇಲೆ?' ಎಂದಷ್ಟೇ ಒತ್ತುತ್ತಿದ್ದೆ. ಸಂಜೆಯ ಹೊತ್ತಿಗೆ ಅತ್ತೆಯವರೇ ತಮ್ಮ ದೊಡ್ಡ ಫೋನಿನಿಂದ, "ನನ್ನನ್ನೂ ಸೇರಿಸ್ಕೊಳ್ಳಿ. ಎಲ್ರೂ ಓಂಕಾಳಿನ ಮಾತೇ ಆಡ್ತಿದಾರಲ್ಲ" ಎಂದು ಕಳಿಸಿದರು. ಸೇರಿಸಿಕೊಂಡೆ. ಆರ್ಡರಿನ ಸುದ್ದಿ ಎತ್ತಲಿಲ್ಲ. ಬೇಟೆಯಲ್ಲಿ ಕೆಮ್ಮಬಾರದು.

ಇಷ್ಟರಲ್ಲಿ ಷಡ್ಡಕರು, ಯಾರೋ ಪ್ರಚಾರದ ಸಲಹೆಗಾರನ ಮಾತು ಕೇಳಿ, ಅಷ್ಟಮಿ ವಿಶೇಷ ರೀಲ್ಸು ಬಿಟ್ಟರು. ಜನ ಕರುಂಕುರುಂ ಸದ್ದು ಕೇಳಿದರೆ ಓಡಿ ಬರುತ್ತಾರೆ ಎಂದು ಅವನು ಬೋಧಿಸಿದ್ದನಂತೆ. ಷಡ್ಡಕರು ರೇಷ್ಮೆ ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟು, ಚಕ್ಲಿಯ ಗುಡ್ಡೆಯ ಹಿಂದೆ ನಿಂತಿದ್ದರು. ಮೇಲೆ ಬ್ಯಾನರು: 'ನೈವೇದ್ಯಕ್ಕೆ ಈಗಲೇ ಬುಕ್ ಮಾಡಿ'. ಒಂದು ಚಕ್ಲಿ ಎತ್ತಿದರು, ಮೈಕಿನ ಹತ್ತಿರ ತಂದರು, ಕರುಂ ಎಂದು ಕಚ್ಚಿದರು, ಕಣ್ಣು ಮುಚ್ಚಿ ತಲೆದೂಗಿದರು. ಮಿಕ್ಕ ಅರ್ಧವನ್ನು ಗುಡ್ಡೆಯ ಮೇಲೇ ವಾಪಸ್ ಇಟ್ಟರು. ಆಮೇಲೆ ಕೋಡುಬಳೆ. ಕರುಂ. ವಾಪಸ್. ಆಮೇಲೆ ಮುಚ್ಚೋರೆ.

ಒಂದು ಬೇಸಿಗೆ ನನ್ನ ಅಂಗಡಿಯಲ್ಲಿ ಕೂತು ಬೆಣ್ಣೆ ಕಲಿತವರು, ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತಿರಲಿಲ್ಲ. ಅದು ಅಷ್ಟಮಿಯ ಪಾಠ, ಬೇಸಿಗೆಯಲ್ಲಿ ಬರುವುದಿಲ್ಲ.

ನಾನು ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದೆ. ಭಕ್ತಿಯಿಂದ ನೋಡಿದೆ. ಆಮೇಲೆ ನಮ್ಮ ಗ್ರೂಪಿಗೆ ಕಳಿಸಿ ಕೆಳಗೆ ಬರೆದೆ: "ನಮ್ಮ ಷಡ್ಡಕರ ಹೊಸ ಅಂಗಡಿ. ಎಲ್ಲರೂ ನೋಡಿ ಆಶೀರ್ವದಿಸಬೇಕು." ಒಂದು ಕೆಟ್ಟ ಅಕ್ಷರ ಅದರಲ್ಲಿ ಯಾರಾದರೂ ತೋರಿಸಲಿ.

ಮೊದಲು ಶಂಕರಪುರಂನ ನಿವೃತ್ತ ಸಂಸ್ಕೃತ ಮೇಡಂ ಬರೆದರು: "ಕಚ್ಚಿದ್ದನ್ನು ಅಲ್ಲೇ ಇಟ್ಟರಾ?" ಇನ್ನೊಬ್ಬರು: "ನನಗೂ ಹಾಗೇ ಕಂಡಿತು. ಕನ್ನಡಕ ಹಾಕಿಕೊಂಡು ನೋಡಿದೆ." ಮತ್ತೊಬ್ಬರು: "ಅದೇ ಗುಡ್ಡೆಯಿಂದ ನಮಗೆ ತೂಗುತ್ತಾರೋ?" ಚಿತ್ರ ನಮ್ಮ ಗ್ರೂಪಿನಿಂದ ಭಜನೆ ಮಂಡಳಿಗೆ, ಅಲ್ಲಿಂದ ಬೆಳಗಿನ ವಾಕಿಂಗಿನವರಿಗೆ, ಅಲ್ಲಿಂದ ಮಲ್ಲೇಶ್ವರದ ಬೀಗರಿಗೆ ಹೋಯಿತು. ಷಡ್ಡಕರ ಯಾವ ರೀಲ್ಸೂ ಅಷ್ಟು ಮನೆ ಹೊಕ್ಕಿರಲಿಲ್ಲ. ಅವರ ಸಲಹೆಗಾರ ಸಂತೋಷಪಟ್ಟಿರಬೇಕು.

ಮಾರನೇ ದಿನ ಮಧ್ಯಾಹ್ನ ಷಡ್ಡಕರು ಅಂಗಡಿಗೆ ಬಂದರು. ಮುಖ ನೆನೆದ ಹಪ್ಪಳದಂತಿತ್ತು.

"ಭಾವ, ನೀವು ಹೀಗೆ ಮಾಡಬಾರದಿತ್ತು."

"ನಾನೇನ್ ಮಾಡ್ದೆ? ಆಶೀರ್ವಾದ ಮಾಡಿ ಅಂದೆ."

"ಅದು ಬರೀ ಶೂಟಿಂಗಿಗೆ ಇಟ್ಟಿದ್ದ ಮಾಲು. ಆರ್ಡರಿಂದು ಬೇರೇನೇ ಮಾಡ್ತೀವಿ. ನಿಮಗೆ ಗೊತ್ತಿಲ್ವಾ?"

"ಗೊತ್ತು."

"ಮತ್ತೆ ಗ್ರೂಪಲ್ಲಿ ಅದೊಂದು ಮಾತು ಹಾಕ್ಬಿಡಿ. ನೀವು ಹೇಳಿದ್ರೆ ನಂಬ್ತಾರೆ. ಬುಕ್ ಮಾಡಿದೋರೆಲ್ಲ ಬೇಡ ಅಂತಿದಾರೆ."

ನಾನು ತಕ್ಕಡಿಯ ತಟ್ಟೆ ಒರೆಸಿದೆ. ಒರೆಸುವುದಕ್ಕೆ ಏನೂ ಇರಲಿಲ್ಲ. "ಷಡ್ಡಕ್ರೇ, ಆ ಬನಿಯನ್ನು ನಾನು ಬಾಣಲೆ ಹತ್ರ ಕೂರೋವಾಗ ಮಾತ್ರ ಹಾಕೋದು, ಗಲ್ಲಾದಲ್ಲಿ ಕೂತಾಗ ಇಸ್ತ್ರಿ ಶರ್ಟೇ ಹಾಕ್ತೀನಿ ಅಂತ ನಿಮಗೆ ಗೊತ್ತಿತ್ತಲ್ಲ?"

ಅವರು ಒಂದು ಭರಣಿಯ ಮುಚ್ಚಳ ತಿರುಗಿಸತೊಡಗಿದರು.

"ಅದನ್ನ ನಿಮ್ಮ ಫ್ರೆಂಡ್ಸ್‌ಗೆ ಹೇಳಿದ್ರಾ?"

"ಅದು ತಮಾಷೆಗೆ ಮಾಡಿದ್ದು ಭಾವ."

"ಇದು ತಮಾಷೆಗಲ್ಲ. ಕಾಫಿ ತರಿಸ್ಲಾ?"

ಕಾಫಿ ಬೇಡವೆಂದು ಹೋದರು. ಒಳಗಿನಿಂದ ಹೆಂಡತಿ, "ಪಾಪ ರೀ, ನನ್ನ ತಂಗಿ ಮುಖ ನೋಡಿಯಾದ್ರೂ ಒಂದು ಸಾಲು ಬರೀಬಹುದಿತ್ತು" ಎಂದಳು. ಅವಳು ಹೇಳಿದ್ದು ಸರಿ. ಆದ್ದರಿಂದ ನಾನು ತಕ್ಕಡಿಯ ತಟ್ಟೆಯನ್ನು ಇನ್ನೊಮ್ಮೆ ಒರೆಸಿದೆ. ಬರೆಯಲಿಲ್ಲ.

ಅಂದು ದೀಪ ಹಚ್ಚುವ ಹೊತ್ತಿಗೆ ಅತ್ತೆಯವರ ಫೋನು. "ನೋಡಿ, ನನ್ನದೊಂದು ಯಾವಾಗಿನ ಹಾಗೇ ಬರ್ಕೊಂಬಿಡಿ. ಮಂಡಳಿಯವರೂ ನಿಮಗೇ ಹೇಳ್ತಾರಂತೆ." ಸ್ವಲ್ಪ ತಡೆದು, "ಓಂಕಾಳು ಬೇಡ" ಎಂದರು. ಆ ವಾರ ನಮ್ಮ ಅಡುಗೆಯವರು ಚಕ್ಲಿ ಒರಳನ್ನು ಕೈಯಿಂದ ಕೆಳಗಿಡಲಿಲ್ಲ. ಯಾರೂ ಏನನ್ನೂ ಬಾಯಿಗೆ ಹಾಕಲಿಲ್ಲ. ನಾನಂತೂ ಅಷ್ಟು ಕಟ್ಟುನಿಟ್ಟಾಗಿ ಎಂದೂ ಇದ್ದವನಲ್ಲ.

ಅಷ್ಟಮಿಯ ಮಾರನೇ ದಿನ ಅಳಿಯಂದಿರಿಗೆ ಅತ್ತೆಯವರ ಮನೆಯಲ್ಲಿ ಊಟ. ನೆಲದ ಮೇಲೆ ಎಲೆ. ನನ್ನ ಪಕ್ಕದ ಎಲೆ ಷಡ್ಡಕರದು. ನಾವಿಬ್ಬರೂ ಮಳೆಯ ವಿಚಾರ ಮಾತಾಡಿದೆವು. ಅತ್ತೆಯವರು ಮಂಟಪದಿಂದ ಬಿಚ್ಚಿದ ಕೋಡುಬಳೆ, ಚಕ್ಲಿಗಳನ್ನು ಬುಟ್ಟಿಯಲ್ಲಿ ತಂದು, "ದೇವರ ಪ್ರಸಾದ, ಬೇಡ ಅನ್ಬಾರ್ದು" ಎಂದು ಷಡ್ಡಕರ ಎಲೆಗೇ ಮೊದಲು ಬಡಿಸಿದರು. ಬಡಿಸಿ ಅಲ್ಲೇ ನಿಂತರು. ಅವರು ನಿಂತರೆ ತಿನ್ನಲೇಬೇಕು.

ಷಡ್ಡಕರು ನನ್ನ ಚಕ್ಲಿಯನ್ನು ನೋಡಿದರು. ನನ್ನನ್ನು ನೋಡಲಿಲ್ಲ. ಕಚ್ಚಿದರು. ಕರುಂ. ಮನುಷ್ಯನ ನಾಲಿಗೆ ಪ್ರಾಮಾಣಿಕ, ಯಜಮಾನನ ಮಾತು ಕೇಳುವುದಿಲ್ಲ; ಅವರ ಕೈ ತಾನಾಗಿ ಇನ್ನೊಂದಕ್ಕೆ ಹೋಯಿತು.

ಆ ಹೊತ್ತಿಗೆ ನನ್ನ ಎಡಗೈಯಲ್ಲಿ ಮೊಬೈಲಿತ್ತು.

"ಭಾವ, ಬೇಡ" ಎಂದರು, ತುಂಬಿದ ಬಾಯಲ್ಲಿ. ಅದೂ ಚಿತ್ರದಲ್ಲಿ ಬಂತು. "ರೀ, ಸಾಕು" ಎಂದಳು ಹೆಂಡತಿ. ಅದೂ ಬಂತು. ಎಲೆಯ ಮುಂದೆ ಕೂತೇ, ಗ್ರೂಪಿಗೆ ಕಳಿಸಿ, ಕೆಳಗೆ ಅವರದೇ ಮಾತು ಬರೆದೆ: "ಇಂಥ ಅಂಗಡೀಲಿ ಇನ್ನೂ ಎಷ್ಟು ದಿನ ತಗೋತೀರಾ, ಫ್ರೆಂಡ್ಸ್?"

ಅತ್ತೆಯವರ ಸೊಂಟದಲ್ಲಿ ಸಿಕ್ಕಿಸಿದ್ದ ದೊಡ್ಡ ಫೋನು ಟಿಂಗ್ ಎಂದಿತು. ಬುಟ್ಟಿ ಕೆಳಗಿಟ್ಟು, ಕೈ ಒರೆಸಿಕೊಂಡು, ಅದನ್ನು ದೂರ ಹಿಡಿದು ನೋಡಿದರು.

"ಏನೂ ಕೇಳಿಸ್ತಿಲ್ಲ" ಎಂದು, ಆ ಫೋನು ಕೊಡಿಸಿದ ಚಿಕ್ಕಳಿಯಂದಿರ ಮುಂದೆಯೇ ಅದನ್ನು ಚಾಚಿದರು. "ಸ್ವಲ್ಪ ಸೌಂಡು ಜಾಸ್ತಿ ಮಾಡಿಕೊಡಿ."

ಷಡ್ಡಕರು ಎಡಗೈ ಬೆರಳಿನಿಂದ ಜಾಸ್ತಿ ಮಾಡಿಕೊಟ್ಟರು.